ಈಮ್: ಒಂದು ಬೆಟ್ಟದ ಪ್ಯಾರಿಷಿನ ಚರಿತ್ರೆ

ಇಂಗ್ಲೆಂಡಿನ ಚರಿತ್ರೆಯೆಂದೊಡನೆ ನಮ್ಮಲ್ಲಿ ಕಾಲೇಜು ಕಂಡವರ ಮನಸ್ಸಿಗೆ ಮೊದಲು ಬರುವುದು ದೊರೆಗಳ ಪಟ್ಟಿ, ಪಾರ್ಲಿಮೆಂಟಿನ ಜಗಳ, ಕಡಲ ಕಾಳಗ. ಪರೀಕ್ಷೆಗಾಗಿ ನಾವು ಉರುಹೊಡೆದುದು ಇವನ್ನೇ. ಆದರೆ ಆ ದೇಶದ ಜನರಲ್ಲಿ ಹೆಚ್ಚಿನವರು ಶತಮಾನಗಳ ಕಾಲ ಹುಟ್ಟಿ, ದುಡಿದು, ಸತ್ತುದು ದೊರೆಗಳ ಕಣ್ಣಿಗೆ ಬೀಳದ ಹಳ್ಳಿಗಳಲ್ಲಿ. ಆ ಹಳ್ಳಿಗಳಿಗೂ ಚರಿತ್ರೆಯುಂಟು. ಅದು ಸಂಧಿಪತ್ರಗಳಲ್ಲಿಲ್ಲ, ಚರ್ಚಿನ ಪೆಟ್ಟಿಗೆಯಲ್ಲಿಟ್ಟ ಹಳೆಯ ದಾಖಲೆಯ ಪುಸ್ತಕಗಳಲ್ಲಿದೆ, ಹೊಲದ ನಡುವಣ ಗೋರಿಗಳಲ್ಲಿದೆ, ಮುದುಕರ ಬಾಯಿಮಾತಿನಲ್ಲಿದೆ. ಅಂಥ ಒಂದು ಹಳ್ಳಿಯ ಕಥೆಯನ್ನು ಈ ಹೊತ್ತು ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇವೆ. ಅದರ ಹೆಸರು ಈಮ್. ಇಂಗ್ಲಿಷಿನಲ್ಲಿ ಬರೆದಿರುವ ಅಕ್ಷರಗಳನ್ನು ನೋಡಿ ಓದಿದರೆ ‘ಏಯಮ್’ ಎನ್ನುವಂತಿದೆ. ಊರವರು ಅನ್ನುವುದು ‘ಈಮ್’ ಎಂದೇ.

ಮೊದಲು ಪ್ಯಾರಿಷ್ ಎಂದರೇನೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಒಂದು ಚರ್ಚು, ಅದಕ್ಕೊಬ್ಬ ಪಾದ್ರಿ, ಆ ಚರ್ಚಿಗೆ ನಡೆದುಕೊಳ್ಳುವ ಒಕ್ಕಲು, ಆ ಒಕ್ಕಲಿನ ಹೊಲ ಮನೆ ಬೆಟ್ಟ ಕಾವಲು, ಇವೆಲ್ಲ ಸೇರಿ ಒಂದು ಪ್ಯಾರಿಷ್. ಬೆಳೆದುದರಲ್ಲಿ ಹತ್ತನೆಯ ಒಂದು ಪಾಲು ಪಾದ್ರಿಗೆ ಸಲ್ಲತಕ್ಕದ್ದು. ಬಡವರಿಗೆ ಅನ್ನ, ದಾರಿಯ ದುರಸ್ತಿ, ಊರಿನ ಕಾವಲು ಮೊದಲಾದುವನ್ನೂ ಪ್ಯಾರಿಷೇ ನೋಡಿಕೊಳ್ಳುತ್ತಿತ್ತು. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್ಲನು ಪ್ರತಿಯೊಂದು ಪ್ಯಾರಿಷಿನಲ್ಲಿಯೂ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಮಾಡಿದನು. ಇದರಿಂದಾಗಿ, ಯಾವ ಕವಿಯೂ ಹಾಡದ, ಯಾವ ಶಾಸನವೂ ಹೆಸರಿಸದ ಕೂಲಿಯವನೂ ಆ ದೇಶದಲ್ಲಿ ತನ್ನ ಜೀವಮಾನದಲ್ಲಿ ಮೂರು ಸಲವಾದರೂ ಚರಿತ್ರೆಯೊಳಕ್ಕೆ ಬರುತ್ತಾನೆ. ಈಮ್ ಹಳ್ಳಿಯ ಕಥೆ ನಮಗೆ ದೊರೆತಿರುವುದು ಬಹುಮಟ್ಟಿಗೆ ಇಂಥ ಒಂದು ಪುಸ್ತಕದಿಂದ.

ಇಂಗ್ಲೆಂಡಿನ ನಟ್ಟನಡುವೆ ಡಾರ್ಬಿಷೈರ್ ಎಂಬ ಸೀಮೆಯಿದೆ. ಅದರ ಉತ್ತರಭಾಗ ಬೆಟ್ಟದ ನಾಡು. ಅದನ್ನು ‘ಪೀಕ್’ ಎಂದು ಕರೆಯುತ್ತಾರೆ. ನಮ್ಮ ಮಲೆನಾಡಿನಂಥ ಕಾಡು ಅಲ್ಲಿಲ್ಲ. ಗಾಳಿಗೆ ಒಡ್ಡಿಕೊಂಡ ಹುಲ್ಲುಗುಡ್ಡಗಳು, ಸುಣ್ಣವಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಬೇಲಿಗೋಡೆಗಳು, ಕುರಿಮಂದೆಗಳು, ಆಳವಾದ ಕೊರಕಲುಗಳು. ಸಮುದ್ರಮಟ್ಟಕ್ಕೆ 800 ಅಡಿಗಳಷ್ಟು ಎತ್ತರದಲ್ಲಿ, ಒಂದು ಗುಡ್ಡದ ಮಗ್ಗುಲಿಗೆ ಈಮ್ ಉದ್ದಕ್ಕೆ ಹಬ್ಬಿದೆ. ಅದರ ಬೆನ್ನಿಗೆ ಬಡಗಣ ದಿಕ್ಕಿನಲ್ಲಿ ಮರಳುಗಲ್ಲಿನ ಏರು ಗೋಡೆಯಂತೆ ನಿಂತಿದೆ. ತೆಂಕಣಕ್ಕೆ ಸುಣ್ಣಕಲ್ಲಿನ ನೆಲ. ಸುಣ್ಣಕಲ್ಲಿನ ನೆಲದಲ್ಲಿ ನೀರು ನಿಲ್ಲದು. ಮೇಲಣ ಮರಳುಗಲ್ಲಿನ ಏರಿನಿಂದ ಚಿಲುಮೆಗಳು ಇಳಿದುಬರುತ್ತವೆ. ಎರಡು ಬಗೆಯ ಕಲ್ಲುಗಳು ಕೂಡುವ ಗೆರೆಯ ಮೇಲೆಯೇ ಊರು ಕುಳಿತಿರುವುದಕ್ಕೆ ಈ ನೀರೇ ಕಾರಣ. ಆದರೆ ನೀರಿಲ್ಲದ ಸುಣ್ಣಕಲ್ಲಿನ ಬಿರುಕುಗಳಲ್ಲಿ ಮತ್ತೊಂದು ಸಂಪತ್ತಿತ್ತು. ಅದು ಸೀಸದ ಅದಿರು. ರೋಮನರ ಕಾಲದಿಂದಲೂ ಡಾರ್ಬಿಷೈರಿನ ಜನ ಆ ಅದಿರನ್ನು ಅಗೆಯುತ್ತ ಬಂದಿದ್ದಾರೆ. ಬೇಸಾಯ ಸಾಲದ ಬೆಟ್ಟದೂರಿನಲ್ಲಿ ಒಂದು ಕೈಯಲ್ಲಿ ಕುರಿ, ಮತ್ತೊಂದು ಕೈಯಲ್ಲಿ ಗುದ್ದಲಿ ಎಂಬಂತೆ ಈಮ್ ಜನರ ಜೀವನ ನಡೆಯುತ್ತಿತ್ತು.

ಊರು ಬಹು ಹಳೆಯದು. 1086ರಲ್ಲಿ ವಿಜಯಿ ವಿಲಿಯಂ ದೊರೆ ಮಾಡಿಸಿದ ಭೂಮಿಯ ಲೆಕ್ಕವಾದ ‘ಡೂಮ್ಸ್‌ಡೇ’ ಪುಸ್ತಕದಲ್ಲಿ ಇದರ ಹೆಸರಿದೆ. ಚರ್ಚಿನ ಅಂಗಳದಲ್ಲಿ ಅದಕ್ಕೂ ಹಿಂದಿನ ಒಂದು ಕಲ್ಲಿನ ಶಿಲುಬೆಯುಂಟು. ನಾರ್ಮನರು ಕಾಲಿಡುವುದಕ್ಕೆ ಸುಮಾರು 250 ವರ್ಷ ಮೊದಲೇ ಆ್ಯಂಗ್ಲೋ-ಸ್ಯಾಕ್ಸನ್ ಶಿಲ್ಪಿಗಳು ಬಳ್ಳಿಸುರುಳಿಗಳನ್ನೂ ದೇವದೂತರನ್ನೂ ಅದರಲ್ಲಿ ಕೆತ್ತಿದರು. ಕಂಬದ ಒಂದು ತುಂಡು ಎಲ್ಲೋ ಕಳೆದುಹೋಗಿ ತಲೆಯನ್ನು ಗಿಡ್ಡ ಮೈಯ ಮೇಲೆ ಕೂಡಿಸಿದಂತಾಗಿದೆ. ಆದರೂ ಸಾವಿರ ವರ್ಷಗಳ ಮಳೆಗಾಳಿಗಳನ್ನು ತಡೆದು ಅದು ನಿಂತಿದೆ. ನಾವು ಮುಂದೆ ಹೇಳುವ ಸಂಗತಿಗಳಿಗೆಲ್ಲ ಆ ಶಿಲುಬೆ ಸಾಕ್ಷಿಯಾಗಿತ್ತು.

ಹದಿನೇಳನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ನಡೆದ ಅಲ್ಲೋಲಕಲ್ಲೋಲ ಶ್ರೋತೃಗಳಿಗೆ ತಿಳಿದೇ ಇದೆ. 1649ರಲ್ಲಿ ಮೊದಲನೆಯ ಚಾರ್ಲ್ಸ್ ದೊರೆಯ ತಲೆ ಹೋಯಿತು. 1660ರಲ್ಲಿ ಅವನ ಮಗ ಹಿಂದಿರುಗಿ ಪಟ್ಟಕ್ಕೆ ಬಂದನು. ರಾಜಧಾನಿಯಲ್ಲಿ ಎದ್ದ ಈ ಅಲೆ ಬೆಟ್ಟದ ಮೇಲಣ ಚರ್ಚಿನವರೆಗೂ ಬಂದು ಬಡಿಯಿತು. ಈಮ್‌ನಲ್ಲಿ ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿ ಪ್ಯೂರಿಟನ್ ಪಂಥದವನು. 1662ರ ಕಾಯಿದೆ, ಸರ್ಕಾರ ಗೊತ್ತುಮಾಡಿದ ಪ್ರಾರ್ಥನಾಪುಸ್ತಕವನ್ನೇ ಬಳಸತಕ್ಕದ್ದೆಂದು ವಿಧಿಸಿತು. ಅದಕ್ಕೆ ಒಪ್ಪದ ಸ್ಟ್ಯಾನ್ಲಿ ಕೆಲಸ ಕಳೆದುಕೊಂಡನು. ಅವನ ಸ್ಥಾನಕ್ಕೆ 1664ರಲ್ಲಿ ವಿಲಿಯಂ ಮಾಂಪೆಸನ್ ಎಂಬ, ಇನ್ನೂ ಮೂವತ್ತು ತುಂಬದ ಯುವಕ ಬಂದನು. ಹೆಂಡತಿ ಕ್ಯಾಥರೀನ್, ಎರಡು ಎಳೆಯ ಮಕ್ಕಳು. ಊರಿನಲ್ಲಿ ಬಹುಮಂದಿಗೆ ಹಳೆಯ ಪಾದ್ರಿಯ ಮೇಲೆಯೇ ಮಮತೆ. ಹೊಸಬನನ್ನು ಅವರು ಆದರದಿಂದ ಕಾಣಲಿಲ್ಲ. ಇಂಥ ಎರಡು ಮನಸ್ಸಿನ ಊರಿಗೆ ಮೃತ್ಯು ಬಂದಿತು.

1665ರ ಬೇಸಗೆಯಲ್ಲಿ ಲಂಡನ್ನಿನಲ್ಲಿ ಮಹಾಮಾರಿ ಪ್ಲೇಗು ಹಬ್ಬಿ ಜನ ಸಾವಿರ ಸಾವಿರವಾಗಿ ಸಾಯುತ್ತಿದ್ದರು. ಆ ನಗರ ಈಮ್‌ಗೆ ಸುಮಾರು 150 ಮೈಲಿಗಳ ದೂರ. ಅಲ್ಲಿಂದ ಇಲ್ಲಿಗೆ ಅದು ಹೇಗೆ ಬಂದಿತೆಂಬುದಕ್ಕೆ ಊರಿನಲ್ಲಿ ನಡೆದುಬಂದ ಹೇಳಿಕೆ ಇದು: ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಎಂಬ ದರ್ಜಿಗೆ ಲಂಡನ್ನಿನಿಂದ ಬಟ್ಟೆಯ ಪೆಟ್ಟಿಗೆಯೊಂದು ಬಂದಿತು. ಅವನ ಮನೆಯಲ್ಲಿದ್ದ ಕೆಲಸಗಾರ ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ, ಬಟ್ಟೆ ತೇವವಾಗಿದ್ದುದನ್ನು ಕಂಡು ಬೆಂಕಿಯ ಮುಂದೆ ಹರವಿದನು. ಬಟ್ಟೆಯ ಮಡಿಕೆಯಲ್ಲಿ ಚಿಗಟಗಳಿದ್ದುವು. ಕೆಲವೇ ದಿನಗಳಲ್ಲಿ ವಿಕರ್ಸನಿಗೆ ಜ್ವರ ಬಂದು ಗಡ್ಡೆಗಳೆದ್ದುವು. ಪೆಟ್ಟಿಗೆಯ ಮಾತು ಬಾಯಿಮಾತು. ಆದರೆ 1665ನೆಯ ಸೆಪ್ಟೆಂಬರ್ 7ರಂದು ಜಾರ್ಜ್ ವಿಕರ್ಸನನ್ನು ಹೂಳಿದುದು ಚರ್ಚಿನ ದಾಖಲೆ. ಎರಡು ವಾರಗಳಲ್ಲಿ ಅದೇ ಮನೆಯ ಎಳೆಯ ಹುಡುಗ ಎಡ್ವರ್ಡ್ ಕೂಪರ್ ಸತ್ತನು. ಅಲ್ಲಿಂದಾಚೆಗೆ ಸಾವು ನೆರೆಮನೆಗೆ ದಾಟಿತು. ಅಕ್ಟೋಬರಿನಲ್ಲಿ ಇಪ್ಪತ್ತಕ್ಕೂ ಮಿಕ್ಕ ಜನರು ಹೋದರು.

ಚಳಿಗಾಲ ಬಂದಾಗ ಬೇನೆ ತಗ್ಗಿತು. ತಿಂಗಳಿಗೆ ನಾಲ್ಕು, ಎಂಟು, ಹತ್ತು ಸಾವುಗಳು. ಅವುಗಳಲ್ಲಿ ಕೆಲವು ಬೇರೆ ಕಾಯಿಲೆಯವೂ ಇದ್ದಿರಬಹುದು. ಮೇ ತಿಂಗಳಲ್ಲಿ ಪಿಡುಗು ನಿಂತೇಹೋಯಿತೆಂದು ಜನ ನೆಮ್ಮದಿಗೊಂಡರು. ಆದರೆ ಜೂನ್ ತಿಂಗಳಿನ ಬಿಸಿಲಿನೊಡನೆ ಅದು ಮತ್ತೆ ತಲೆಯೆತ್ತಿತು. ಊರಿನಲ್ಲಿ ಗುಜುಗುಜು ಹುಟ್ಟಿತು, ಓಡಿಹೋಗೋಣವೆಂದರು. ಷೆಫೀಲ್ಡ್ ಪಟ್ಟಣ ಹನ್ನೆರಡು ಮೈಲಿಗಳಷ್ಟು ದೂರ; ಸುತ್ತಣ ಹಳ್ಳಿಗಳಲ್ಲಿ ನಂಟರು ಇಷ್ಟರು. ಪ್ರಾಣಭಯ ಬಂದಾಗ ಓಡುವುದು ಮನುಷ್ಯಸಹಜ. ಆದರೆ ಓಡುವವನ ಜೊತೆಗೇ ಬೇನೆಯೂ ಓಡುವುದೆಂಬುದು ಆಗಿನವರಿಗೂ ತಿಳಿದಿತ್ತು.

ಆಗ ಯುವಕ ಪಾದ್ರಿ ಒಂದು ಕೆಲಸ ಮಾಡಿದನು. ತನ್ನ ಮಾತು ಊರಿನಲ್ಲಿ ನಡೆಯದೆಂಬುದನ್ನು ಬಲ್ಲ ಅವನು, ಪದಚ್ಯುತನಾದ ಸ್ಟ್ಯಾನ್ಲಿಯ ನೆರವನ್ನು ಬೇಡಿದನು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೆಲಸ ಕಳೆದುಕೊಂಡ ಪಾದ್ರಿಗಳು ತಮ್ಮ ಹಳೆಯ ಪ್ಯಾರಿಷಿನ ಐದು ಮೈಲಿಯೊಳಗೆ ವಾಸಮಾಡಕೂಡದೆಂದು 1665ರಲ್ಲಿ ಮತ್ತೊಂದು ಕಾಯಿದೆ ಹೊರಟಿತ್ತು. ಎಂದಮೇಲೆ 1666ರ ಬೇಸಗೆಯಲ್ಲಿ ಸ್ಟ್ಯಾನ್ಲಿ ಈಮ್‌ನಲ್ಲಿದ್ದುದೇ ಕಾನೂನಿಗೆ ವಿರುದ್ಧ. ಪ್ರಾರ್ಥನೆಯ ರೀತಿಯಲ್ಲಿಯೂ ರಾಜಕೀಯದಲ್ಲಿಯೂ ಒಬ್ಬರಿಗೊಬ್ಬರು ಎದುರಾಗಿದ್ದವರು, ಒಬ್ಬನು ಇನ್ನೊಬ್ಬನ ಅನ್ನ ಕಿತ್ತುಕೊಂಡಂತಿದ್ದವರು, ಜೊತೆಗೆ ನಿಂತು ಜನರೊಡನೆ ಮಾತನಾಡಿದರು. ಇಬ್ಬರೂ ಬೇರೆ ಬೇರೆಯಾಗಿ ಮಾಡಲಾರದುದನ್ನು ಇಬ್ಬರೂ ಕೂಡಿ ಸಾಧಿಸಿದರು.

ಅವರು ಮಾಡಿದ ನಿರ್ಣಯಗಳು ಮೂರು. ಮೊದಲನೆಯದು, ಸತ್ತವರನ್ನು ಇನ್ನು ಚರ್ಚಿನ ಅಂಗಳಕ್ಕೆ ತರಬಾರದು. ಅವರವರ ಮನೆಯವರೇ ತಂತಮ್ಮ ತೋಟದಲ್ಲಿಯೋ ಹೊಲದಲ್ಲಿಯೋ ಹೂಳಬೇಕು. ಎರಡನೆಯದು, ಚರ್ಚಿನ ಬಾಗಿಲು ಹಾಕಬೇಕು; ಪ್ರಾರ್ಥನೆ ‘ಕಕ್ಲೆಟ್ ಡೆಲ್ಫ್’ ಎಂಬ ಕೊರಕಲಿನ ಬಯಲಿನಲ್ಲಿ ನಡೆಯಬೇಕು; ಅಲ್ಲಿಯೂ ಮನೆ ಮನೆಯವರು ಒಟ್ಟಾಗಿ, ಇತರರಿಂದ ದೂರ ದೂರ ನಿಲ್ಲಬೇಕು. ಮೂರನೆಯದು ಎಲ್ಲಕ್ಕಿಂತ ಕಠಿನವಾದುದು: ಬೇನೆ ತೀರುವವರೆಗೆ ಊರಿನ ಎಲ್ಲೆಯನ್ನು ಯಾರೂ ದಾಟಕೂಡದು. ಕ್ರೈಸ್ತನಿಗೆ ಪವಿತ್ರ ಭೂಮಿಯಲ್ಲಿ ಮಣ್ಣಾಗುವುದು ಎಷ್ಟು ದೊಡ್ಡ ಮಾತೆಂಬುದನ್ನು ನೆನೆದರೆ ಮೊದಲನೆಯ ನಿರ್ಣಯವೂ ಸಾಮಾನ್ಯವಾದುದಲ್ಲ. ಸಂಸ್ಕಾರವಿಲ್ಲದೆ ಹೋಗುವ ಸಾವು ಎಷ್ಟು ಕಹಿಯೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಊರು ಹೊರಗಿನವರಿಂದ ಅಗಲಿದ ಮೇಲೆ ಹೊಟ್ಟೆಯ ಪಾಡೇನು? ಹತ್ತಿರದ ಚಾಟ್ಸ್‌ವರ್ತ್ ಅರಮನೆಯಲ್ಲಿದ್ದ ಡೆವನ್‌ಷೈರಿನ ಅರ್ಲ್ ಆಹಾರವನ್ನೂ ಅಗತ್ಯವಾದ ವಸ್ತುಗಳನ್ನೂ ಕಳುಹಿಸಿಕೊಡಲೊಪ್ಪಿದನು. ಅವನ್ನು ಎಲ್ಲೆಯ ಮೇಲೆ ಇಟ್ಟು ಹೋಗುತ್ತಿದ್ದರು. ಬಡಗಣ ಗುಡ್ಡದ ಮೇಲಿನ ಒಂದು ಚಿಲುಮೆಗೆ ಈಗಲೂ ಮಾಂಪೆಸನನ ಬಾವಿಯೆಂದೇ ಹೆಸರು. ಸ್ಟೋನಿ ಮಿಡಲ್ಟನ್ ಹಳ್ಳಿಗೆ ಇಳಿಯುವ ದಾರಿಯಲ್ಲಿ ಕುಳಿ ಕುಳಿಯಾದ ಒಂದು ಗಡಿಕಲ್ಲಿದೆ. ಆ ಕುಳಿಗಳಲ್ಲಿ ಹುಳಿಕಾಡಿ ತುಂಬಿ, ಅದರಲ್ಲಿ ಸರಕಿನ ಬೆಲೆಯ ನಾಣ್ಯಗಳನ್ನು ಹಾಕುತ್ತಿದ್ದರಂತೆ. ಹೊರಗಿನವರೂ ಸುಮ್ಮನಿರಲಿಲ್ಲ. ಈಮ್‌ನಲ್ಲಿ ಬೇನೆಯಿದ್ದ ಕಾಲದಲ್ಲಿ ಜನ ಬಾರದಂತೆ ಕಾವಲಿಟ್ಟುದಕ್ಕೆ ತಗುಲಿದ ಖರ್ಚು ಷೆಫೀಲ್ಡಿನ ಕಾನ್‌ಸ್ಟೇಬಲರ ಲೆಕ್ಕದಲ್ಲಿ ಬರೆದಿದೆ. ಒಳಗಿನವರ ಸಂಕಲ್ಪ ಒಂದು ಕಡೆ, ಹೊರಗಿನವರ ಹೆದರಿಕೆ ಒಂದು ಕಡೆ. ಗಡಿಯನ್ನು ಕಾದುದು ಎರಡೂ ಕೂಡಿ.

ಜುಲೈ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು, ಆಗಸ್ಟ್ ತಿಂಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನರು ಸತ್ತರು. ಊರಿನಾಚೆ ಗುಡ್ಡದ ಇಳಿಜಾರಿನಲ್ಲಿ ರೈಲಿ ಎಂಬ ಒಕ್ಕಲುಮನೆಯಿತ್ತು. ಅಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ಗೃಹಿಣಿ ಆಗಸ್ಟ್ 3ರಿಂದ 10ರವರೆಗೆ, ಎಂಟು ದಿನಗಳಲ್ಲಿ, ಗಂಡನನ್ನೂ ಆರು ಮಂದಿ ಮಕ್ಕಳನ್ನೂ ಕಳೆದುಕೊಂಡಳು. ನೆರವಿಗೆ ಯಾರೂ ಬರುವಂತಿರಲಿಲ್ಲ. ಆಕೆಯೇ ಗುಂಡಿ ತೋಡಿದಳು. ಆಕೆಯೇ ಹೆಣಗಳನ್ನು ಎಳೆದೊಯ್ದು ಮಣ್ಣುಮಾಡಿದಳು. ಆ ಏಳು ಗೋರಿಗಳ ಕಲ್ಲುಗಳು ಗಾಳಿ ಬೀಸುವ ಆ ಹೊಲದಲ್ಲಿ ಇಂದಿಗೂ ಇವೆ. ಹೂಳುವವರಿಲ್ಲದ ಮನೆಗಳ ಹೆಣಗಳನ್ನು ಮಾರ್ಷಲ್ ಹೌ ಎಂಬ ಗಟ್ಟಿಮುಟ್ಟಾದ ಗಣಿಗಾರ ಹೊತ್ತು ಹಾಕುತ್ತಿದ್ದನು. ಅವನಿಗೆ ಬೇನೆ ಬಂದು ವಾಸಿಯಾಗಿದ್ದುದರಿಂದ ಮತ್ತೆ ಬಾರದೆಂಬ ಧೈರ್ಯ. ಸತ್ತವರ ಸಾಮಾನುಗಳೇ ಅವನ ಕೂಲಿ. ಅವನಿಗೇನೋ ಬೇನೆ ತಿರುಗಿ ಬರಲಿಲ್ಲ. ಆದರೆ ಹೆಂಡತಿಯೂ ಮಗನೂ ಸತ್ತರು.

ಪಾದ್ರಿಯ ಮನೆಯೂ ಉಳಿಯಲಿಲ್ಲ. ಬೇನೆ ಹೆಚ್ಚುವ ಮೊದಲೇ ಮಾಂಪೆಸನನು ಮಕ್ಕಳಿಬ್ಬರನ್ನೂ ಯಾರ್ಕ್‌ಷೈರಿಗೆ ಕಳುಹಿಸಿದ್ದನು. ಹೆಂಡತಿಯನ್ನೂ ಹೋಗೆಂದನು, ಕ್ಯಾಥರೀನ್ ಒಪ್ಪಲಿಲ್ಲ. ಗಂಡನೊಡನೆ ರೋಗಿಗಳ ಮನೆಗಳನ್ನು ಸುತ್ತುತ್ತಿದ್ದ ಆಕೆ ಆಗಸ್ಟ್ 25ರಂದು, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಆಕೆಯ ಗೋರಿ ಚರ್ಚಿನ ಅಂಗಳದಲ್ಲಿ, ನಾವು ಹೇಳಿದ ಆ ಹಳೆಯ ಶಿಲುಬೆಯ ಸಮೀಪದಲ್ಲಿದೆ. ಮಾಂಪೆಸನನು ಮಕ್ಕಳಿಗೆ ತಾಯಿಯ ಸಾವನ್ನು ತಿಳಿಸಿ ಒಂದು ಕಾಗದವನ್ನೂ, ತಾನೂ ಇನ್ನು ಉಳಿಯುವುದಿಲ್ಲವೆಂದು ಬಗೆದು ತನ್ನ ಆಶ್ರಯದಾತನಾದ ಸರ್ ಜಾರ್ಜ್ ಸ್ಯಾವಿಲ್‌ಗೆ ಇನ್ನೊಂದನ್ನೂ ಬರೆದನು. ಆದರೆ ಅವನು ಉಳಿದನು. ಸೆಪ್ಟೆಂಬರಿನಲ್ಲಿ ಸಾವುಗಳು ಇಳಿದುವು; ನವೆಂಬರ್ 1ರಂದು ಕೊನೆಯವನು ಸತ್ತನು. ನವೆಂಬರ್ 20ರಂದು ಬರೆದ ಮೂರನೆಯ ಕಾಗದದಲ್ಲಿ ಪಾದ್ರಿ ಲೆಕ್ಕ ಕೊಡುತ್ತಾನೆ: ಬೇನೆ ಹೊಕ್ಕ ಮನೆಗಳು 76, ಸತ್ತವರು 259. ಈಚಿನ ವಿದ್ವಾಂಸರು ಪ್ಯಾರಿಷಿನ ದಾಖಲೆಗಳನ್ನು ಮತ್ತೆ ಶೋಧಿಸಿ ಎಣಿಸಿದಾಗ ಬಂದ ಸಂಖ್ಯೆ 257. ಎರಡಕ್ಕೂ ಇರುವ ಅಂತರ ಎರಡೇ. ಎಂಥ ಗೋಳಿನ ನಡುವೆಯೂ ಆ ಮನುಷ್ಯನು ತನ್ನ ಜನರನ್ನು ಒಬ್ಬೊಬ್ಬರನ್ನಾಗಿ ಲೆಕ್ಕವಿಟ್ಟಿದ್ದನೆಂಬುದು ಇದರಿಂದ ತಿಳಿಯುತ್ತದೆ.

ಇದು ಕಥೆ. ಇಲ್ಲಿಗೇ ನಿಲ್ಲಿಸಿದರೆ ಕೇಳಿದವರ ಕಣ್ಣು ಒದ್ದೆಯಾಗುವುದು. ಆದರೆ ಚರಿತ್ರೆಯ ಋಣ ತೀರದು. ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಇದು ಹೇಳಿದಂತೆಯೇ ನಡೆಯಿತೆ? ನಡೆದಿದ್ದರೆ, ಅದರಿಂದ ಪ್ರಯೋಜನವಾಯಿತೆ?

ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುವಾಗ ಆಧಾರಗಳನ್ನು ಬೇರೆ ಬೇರೆಯಾಗಿಟ್ಟು ನೋಡಬೇಕು. ಹೆಸರುಗಳು, ದಿನಗಳು ಚರ್ಚಿನ ದಾಖಲೆಯಿಂದ ಬಂದುವು; ಅವು ಗಟ್ಟಿ. ಮಾಂಪೆಸನನ ಕಾಗದಗಳು ಕಣ್ಣಾರೆ ಕಂಡವನ ಮಾತು. ಉಳಿದುದು ಬಹುಮಟ್ಟಿಗೆ ತಲೆಮಾರುಗಳಿಂದ ಬಂದ ಹೇಳಿಕೆ. ಹದಿನೆಂಟನೆಯ ಶತಮಾನದಲ್ಲಿ ವೈದ್ಯನಾದ ರಿಚರ್ಡ್ ಮೀಡ್ ಪ್ಲೇಗನ್ನು ಕುರಿತು ಬರೆದಾಗ ಈಮ್ ಊರನ್ನು ಉದಾಹರಿಸಿದನು. 1842ರಲ್ಲಿ ಊರಿನವನೇ ಆದ ವಿಲಿಯಂ ವುಡ್ ಎಂಬುವನು ಈಮ್ ಚರಿತ್ರೆಯನ್ನು ಬರೆದು, ಹಿರಿಯರ ಬಾಯಿಂದ ಕೇಳಿದುದನ್ನೆಲ್ಲ ಅದರಲ್ಲಿ ಸೇರಿಸಿದನು. ಎಮಟ್ ಎಂಬ ತರುಣಿ, ನೆರೆಯೂರಿನಿಂದ ಬಂದು ಕೊರಕಲಿನ ಆಚೆ ಬದಿಯಿಂದ ಮೌನವಾಗಿ ಆಕೆಯನ್ನು ನೋಡಿ ಹೋಗುತ್ತಿದ್ದ ಅವಳ ಪ್ರಿಯ ರೋಲಂಡ್, ಇಂಥ ಪ್ರಸಂಗಗಳು ಜನಪ್ರಿಯವಾದುದು ಆ ಶತಮಾನದಲ್ಲಿ. ಒಬ್ಬ ವೀರ ಪಾದ್ರಿ, ಅವನ ಮಾತನ್ನು ತಲೆಬಾಗಿ ನಡೆಸಿದ ಸಾಧು ಜನ ಎಂಬ ಚಿತ್ರವನ್ನು ಆ ಕಾಲದ ಓದುಗರು ಮೆಚ್ಚಿದರು. ಸ್ಟ್ಯಾನ್ಲಿಯ ಪಾಲು ಎಷ್ಟೆಂಬ ಬಗ್ಗೆ ಪಂಥಗಳ ನಡುವೆ ವಾದವೂ ನಡೆಯಿತು. ಈಚಿನ ಇತಿಹಾಸಕಾರರು ಈ ಚಿತ್ರದ ಬಣ್ಣವನ್ನು ಸ್ವಲ್ಪ ಕೆರೆದು ನೋಡಿದ್ದಾರೆ. ಕೆರೆದಾಗ ಕಾಣುವುದೇನು?

ಎಲ್ಲರೂ ಉಳಿಯಲಿಲ್ಲವೆಂಬುದು ಮೊದಲು ಕಾಣುತ್ತದೆ. ಬ್ರ್ಯಾಡ್‌ಷಾ ಮನೆತನದಂಥ ಸ್ಥಿತಿವಂತರು ಮೊದಲೇ ಊರು ಬಿಟ್ಟಿದ್ದರು. ಪಾದ್ರಿಯ ಮಕ್ಕಳೂ ದೂರದಲ್ಲಿ ಕ್ಷೇಮವಾಗಿದ್ದರು. ಇದಕ್ಕಾಗಿ ಆ ತಂದೆಯನ್ನು ದೂರುವಷ್ಟು ಕಠಿನಹೃದಯರು ನಾವಲ್ಲ; ಆದರೆ ಕಳುಹಿಸಲು ಸ್ಥಳವಿಲ್ಲದ ಗಣಿಗಾರನ ಮಕ್ಕಳನ್ನು ಮರೆಯುವಷ್ಟು ಮೃದುಹೃದಯರೂ ನಾವಾಗಬಾರದು. 2016ರಲ್ಲಿ ಇಬ್ಬರು ಸಂಶೋಧಕರು ಈಮ್ ಪ್ಯಾರಿಷಿನ ಲೆಕ್ಕಗಳನ್ನು ಗಣಿತದ ಮೂಲಕ ಪರೀಕ್ಷಿಸಿ, ಬಡತನವಿದ್ದ ಮನೆಗಳಿಗೆ ಅಪಾಯ ಹೆಚ್ಚಾಗಿತ್ತೆಂದೂ, ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚಾಗಿತ್ತೆಂದೂ ತೋರಿಸಿಕೊಟ್ಟರು. ತ್ಯಾಗವೆಂಬ ಮಾತು ಎಲ್ಲರಿಗೂ ಒಂದೇ ತೂಕದಲ್ಲಿ ಬೀಳಲಿಲ್ಲ. ಮಾಡಿದ ನಿರ್ಣಯ ಊರಿನದು. ತೆತ್ತ ಬೆಲೆ ಹೆಚ್ಚಾಗಿ ಬಡವರದು.

ಎರಡನೆಯ ಪ್ರಶ್ನೆ ಇನ್ನೂ ತೊಡಕಿನದು. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಎಂಬ ವಿಜ್ಞಾನಿ ಕಂಡುಹಿಡಿದುದು 1894ರಲ್ಲಿ, ಹಾಂಗ್‌ಕಾಂಗಿನಲ್ಲಿ. ಅದು ಇಲಿಯ ಚಿಗಟದ ಮೂಲಕ ಹರಡುವುದೆಂಬುದನ್ನು 1898ರಲ್ಲಿ ಸಿಮೊಂಡ್ ಎಂಬ ವೈದ್ಯನು ತೋರಿಸಿದನು. ಅದೇ 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಆಗ ನಮ್ಮ ಜನ ಮಾಡಿದುದೇನು? ‘ಇಲಿ ಬಿತ್ತು’ ಎಂಬ ಮಾತು ಕಿವಿಗೆ ಬಿದ್ದೊಡನೆ ಊರು ಬಿಟ್ಟು, ಹೊರಗೆ ಹೊಲಗಳಲ್ಲಿ ಜೋಪಡಿ ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದುದರಲ್ಲಿ ಆ ಪಿಡುಗಿನ ಪಾಲು ದೊಡ್ಡದು. ಇಲಿಯನ್ನೂ ಚಿಗಟವನ್ನೂ ಹಿಂದೆ ಬಿಟ್ಟು ಮನುಷ್ಯರು ಬಯಲಿಗೆ ಹೊರಡುವುದು, ವಿಜ್ಞಾನದ ದೃಷ್ಟಿಯಿಂದ, ಸರಿಯಾದ ದಾರಿಯೇ. ಈಮ್ ಜನ ಇದಕ್ಕೆ ತಿರುಗುಮುರುಗಾಗಿ ಇಲಿಗಳ ನಡುವೆಯೇ ತಮ್ಮನ್ನು ಕೂಡಿಹಾಕಿಕೊಂಡರು. ಆದುದರಿಂದ, ಅವರ ತ್ಯಾಗ ವ್ಯರ್ಥವಾಯಿತು, ಊರಿನೊಳಗಣ ಸಾವುಗಳನ್ನು ಹೆಚ್ಚಿಸಿತು, ಅಷ್ಟೆ, ಎಂದು ವಾದಿಸಿದವರುಂಟು.

ಆದರೆ ನಾವು ಮೇಲೆ ಹೇಳಿದ 2016ರ ಸಂಶೋಧನೆ ಈ ವಾದಕ್ಕೆ ಒಂದು ತಡೆ ಹಾಕಿತು. ಈಮ್ ಊರಿನಲ್ಲಿ ಬೇನೆ ತಗುಲಿದವರಲ್ಲಿ ಕಾಲುಪಾಲಿನಷ್ಟು ಜನರಿಗೆ ಮಾತ್ರ ಅದು ಇಲಿಗಳಿಂದ ಬಂದಿತು. ಮುಕ್ಕಾಲುಪಾಲು ಜನರಿಗೆ ಮನುಷ್ಯರಿಂದಲೇ ಬಂದಿತು, ಅದರಲ್ಲಿಯೂ ಒಂದೇ ಮನೆಯವರಲ್ಲಿ ಬೇಗ ಹರಡಿತು ಎಂಬುದು ಆ ಸಂಶೋಧಕರ ನಿರ್ಣಯ. ಇದು ನಿಜವಾದರೆ ಅರ್ಥವೇನು? ಓಡಿಹೋದ ಪ್ರತಿಯೊಬ್ಬ ಮನುಷ್ಯನೂ ಬೇನೆಯನ್ನು ಮತ್ತೊಂದು ಊರಿಗೆ ಒಯ್ಯಬಹುದಾಗಿತ್ತು. ಚರ್ಚಿನ ಬಾಗಿಲು ಹಾಕಿದುದು, ಬಯಲಿನಲ್ಲಿ ದೂರ ದೂರ ನಿಂತುದು, ಎಲ್ಲೆ ದಾಟದೆ ಇದ್ದುದು, ಇವು ಮೂರೂ ಕುರುಡು ನಂಬಿಕೆಯಲ್ಲ. ಆಗಿನವರು ಕಾರಣವನ್ನರಿಯದೆಯೇ ಕಾರ್ಯವನ್ನು ಸರಿಯಾಗಿ ಊಹಿಸಿದ್ದರು. ನೆರೆಯ ಹಳ್ಳಿಗಳಲ್ಲಿ ಪಿಡುಗು ಹಬ್ಬಲಿಲ್ಲವೆಂಬುದು ಅವರಿಗೆ ದೊರೆತ ಫಲ. ಬಯಲಿಗೆ ಚೆದರಿ ಗುಡಿಸಲುಗಳಲ್ಲಿ ಇದ್ದಿದ್ದರೆ ಊರಿನೊಳಗೂ ಹಲವರು ಬದುಕುತ್ತಿದ್ದರೇನೋ. ಆ ದಾರಿ ಅವರಿಗೆ ಹೊಳೆಯಲಿಲ್ಲ. ತಮಗೆ ಕಂಡ ಬೆಳಕಿನಲ್ಲಿ ಅವರು ನಡೆದರು. ಬೆಳಕು ಮಂದವಾಗಿತ್ತೆಂದು ನಡಗೆಯನ್ನು ಹಳಿಯುವುದು ನ್ಯಾಯವಲ್ಲ.

ಮುಂದೆ ಅವರ ಗತಿ ಏನಾಯಿತು? ಸ್ಟ್ಯಾನ್ಲಿ 1670ರಲ್ಲಿ ಈಮ್‌ನಲ್ಲಿಯೇ ತೀರಿಕೊಂಡನು. ಅವನನ್ನು ಊರಿನಿಂದ ಹೊರಡಿಸಬೇಕೆಂದು ಕೆಲವರು ಅರ್ಲ್‌ಗೆ ದೂರಿತ್ತಾಗ, ಅರ್ಲ್ ಅದಕ್ಕೆ ಕಿವಿಗೊಡಲಿಲ್ಲವೆಂದು ಹೇಳುತ್ತಾರೆ. ಮಾಂಪೆಸನನಿಗೆ 1669ರಲ್ಲಿ ನಾಟಿಂಗಹ್ಯಾಮ್‌ಷೈರಿನ ಈಕ್‌ರಿಂಗ್ ಪ್ಯಾರಿಷಿಗೆ ವರ್ಗವಾಯಿತು. ಪ್ಲೇಗಿನ ಊರಿನಿಂದ ಬಂದವನೆಂದು ಅಲ್ಲಿನವರು ಹೆದರಿ ಅವನನ್ನು ಹತ್ತಿರ ಸೇರಿಸಲಿಲ್ಲವೆಂದೂ, ಅವರ ಭಯ ಕಳೆಯುವವರೆಗೆ ಅವನು ರಫರ್ಡ್ ಉದ್ಯಾನದ ಒಂದು ಗುಡಿಸಲಿನಲ್ಲಿರಬೇಕಾಯಿತೆಂದೂ ಪ್ರತೀತಿಯಿದೆ. ಪರರೂರು ಉಳಿಯಲೆಂದು ತನ್ನ ಊರನ್ನು ಕಟ್ಟಿಹಾಕಿದವನನ್ನು ಪರರೂರು ಸ್ವಾಗತಿಸಿದ ಬಗೆ ಇದು. ಅವನು 1709ರವರೆಗೆ ಬದುಕಿದ್ದನು.

ಪ್ಯಾರಿಷಿನ ಬಾಳು ಮುಂದುವರಿಯಿತು. ಹದಿನೆಂಟನೆಯ ಶತಮಾನದಲ್ಲಿ ಗುಡ್ಡದ ಏರಿನ ಕೆಳಗೆ ಸೀಸದ ದೊಡ್ಡ ನಾಳಗಳು ದೊರೆತು ಗಣಿಗಳು ಏಳಿಗೆಗೆ ಬಂದುವು. ಅದಿರಿನಲ್ಲಿಯೂ ಪಾದ್ರಿಗೆ ಪಾಲಿದ್ದುದರಿಂದ ಆ ಸ್ಥಾನದ ವರಮಾನ ಬಹಳ ಹೆಚ್ಚಿತು. 1740ರಲ್ಲಿ ಪಾದ್ರಿಯಾದ ಥಾಮಸ್ ಸೂವರ್ಡನ ಮಗಳು ಆ್ಯನಾ 1742ರಲ್ಲಿ ಇಲ್ಲಿ ಹುಟ್ಟಿ, ಮುಂದೆ ಕವಯಿತ್ರಿಯೆಂದು ಹೆಸರು ಪಡೆದಳು. ಸೂವರ್ಡನು ಬಳಿಕ ದೂರದ ಲಿಚ್‌ಫೀಲ್ಡ್ ಪಟ್ಟಣದಲ್ಲಿ ವಾಸಮಾಡಿ, ಈಮ್ ಕೆಲಸವನ್ನು ಸಂಬಳದ ಸಹಾಯಕನಿಗೆ ಬಿಟ್ಟನು. ವರಮಾನ ಕಡಮೆಯಾಗಿದ್ದಾಗ ಪಾದ್ರಿ ಪ್ರಾಣವನ್ನೊಡ್ಡಿ ಊರಿನಲ್ಲಿದ್ದನು. ವರಮಾನ ಹೆಚ್ಚಿದಾಗ ಪಾದ್ರಿ ಊರಿನಲ್ಲಿರಲಿಲ್ಲ. ಇದರ ಮೇಲೆ ನಾವು ಟೀಕೆ ಮಾಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸೀಸದ ಬೆಲೆ ಬಿದ್ದು ಗಣಿಗಳು ಸೋತುವು. ಜನ ನೆಯ್ಗೆಗೂ ಪಾದರಕ್ಷೆಗಳನ್ನು ಹೊಲಿಯುವುದಕ್ಕೂ ತಿರುಗಿದರು. ಇಪ್ಪತ್ತನೆಯ ಶತಮಾನದಲ್ಲಿ, ಸೀಸ ತೆಗೆಯುವಾಗ ಕಸವೆಂದು ಎಸೆದಿದ್ದ ಫ್ಲೋರ್‌ಸ್ಪಾರ್ ಎಂಬ ಖನಿಜಕ್ಕೆ ಕಾರ್ಖಾನೆಗಳಲ್ಲಿ ಬೆಲೆ ಬಂದು, ಹಳೆಯ ಗಣಿಗಳನ್ನು ಮತ್ತೆ ಕೆದಕಿದರು.

1866ರಲ್ಲಿ, ಪ್ಲೇಗು ತೀರಿ 200 ವರ್ಷ ತುಂಬಿದಾಗ, ಊರವರು ಆ ಸತ್ತವರ ನೆನಪಿಗಾಗಿ ಪ್ರಾರ್ಥನೆ ನಡೆಸಿದರು. ಪ್ರತಿ ವರ್ಷವೂ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಚರ್ಚಿನಿಂದ ಮೆರವಣಿಗೆ ಹೊರಟು ಕಕ್ಲೆಟ್ ಕೊರಕಲಿಗೆ ಬಂದು, ಅಂದು ಮಾಂಪೆಸನನು ನಿಂತು ಮಾತನಾಡಿದನೆಂಬ ಬಂಡೆಯ ಕಮಾನಿನ ಬಳಿ ಸೇರುವುದು ಅಲ್ಲಿನ ಪದ್ಧತಿ. ವಿಕರ್ಸನಿದ್ದ ಮನೆ ನಿಂತಿದೆ. ಅದರ ಮುಂದೆ ಸತ್ತವರ ಹೆಸರುಗಳ ಹಲಗೆಯಿದೆ. 1994ರಿಂದ ಊರಿಗೆ ಒಂದು ವಸ್ತುಸಂಗ್ರಹಾಲಯವೂ ಇದೆ.

ಶ್ರೋತೃಗಳೇ, 2020ರಲ್ಲಿ ಲೋಕವೆಲ್ಲ ಬಾಗಿಲು ಹಾಕಿಕೊಂಡು ಕುಳಿತಾಗ ಈಮ್ ಹೆಸರು ಮತ್ತೆ ಹಲವರ ಬಾಯಲ್ಲಿ ಬಂದಿತು. ನಮ್ಮಲ್ಲಿಯೂ ಪರರಿಗಾಗಿ ಮನೆಯೊಳಗಿರಿ ಎಂಬ ಮಾತನ್ನು ಎಲ್ಲರೂ ಕೇಳಿದೆವು. ಇರಲು ಮನೆಯೂ ಉಣ್ಣಲು ಅನ್ನವೂ ಇಲ್ಲದೆ ನೂರಾರು ಮೈಲಿ ನಡೆದುಹೋದವರನ್ನೂ ಕಂಡೆವು. ಆಗ ಈಮ್ ಕಥೆಯ ಒಂದು ಅಂಶ ನಮಗೆ ಹೊಸದಾಗಿ ಅರ್ಥವಾಯಿತು. ಗಡಿಕಲ್ಲಿನ ಹತ್ತಿರ ಚಾಟ್ಸ್‌ವರ್ತಿನಿಂದ ರೊಟ್ಟಿ ಬಾರದೆ ಇದ್ದಿದ್ದರೆ ಆ ಪ್ರತಿಜ್ಞೆ ಒಂದು ವಾರವೂ ನಿಲ್ಲುತ್ತಿರಲಿಲ್ಲ. ಇರಿ ಎಂದು ಹೇಳುವವರು ಇರುವುದಕ್ಕೆ ಬೇಕಾದುದನ್ನೂ ಒದಗಿಸಬೇಕು. ಪಾದ್ರಿಗಳ ಮಾತಿನಷ್ಟೇ ಆ ರೊಟ್ಟಿಯ ಬುಟ್ಟಿಗಳೂ ಚರಿತ್ರೆಯಲ್ಲಿ ಸೇರಬೇಕಾದುವು.

ಹೀಗೆ ಒಂದು ಸಣ್ಣ ಬೆಟ್ಟದೂರಿನ ದಾಖಲೆಯ ಪುಸ್ತಕವನ್ನು ತೆರೆದು ನೋಡಿದೆವು. ಅಲ್ಲಿ ದೊರೆಗಳಿಲ್ಲ, ದಂಡನಾಯಕರಿಲ್ಲ. ದರ್ಜಿಯ ಆಳು, ಗಣಿಗಾರ, ಒಕ್ಕಲಗಿತ್ತಿ, ಜಗಳವನ್ನು ಬದಿಗಿಟ್ಟ ಇಬ್ಬರು ಪಾದ್ರಿಗಳು, ಇವರಿದ್ದಾರೆ. ಅವರಲ್ಲಿ ಹೆದರಿದವರಿದ್ದರು, ಹೋದವರಿದ್ದರು, ಬೇರೆ ದಾರಿಯಿಲ್ಲದೆ ಉಳಿದವರಿದ್ದರು, ದಾರಿಯಿದ್ದೂ ಉಳಿದ ಕ್ಯಾಥರೀನಳಂಥವರೂ ಇದ್ದರು. ಅವರನ್ನೆಲ್ಲ ದೇವತೆಗಳನ್ನಾಗಿ ಮಾಡದೆ, ಮನುಷ್ಯರೆಂದೇ ತಿಳಿದು ನೆನೆದರೆ, ಅವರಿಗೆ ನಾವು ಸಲ್ಲಿಸುವ ಗೌರವ ಕಡಮೆಯಾಗದು, ಹೆಚ್ಚುತ್ತದೆ.